ಅಟ್ಟದ ಮೇಲಿನ ಬಸ್ಕಿ

ನನಗೆ ಅನುಮಾನ ಜಾಸ್ತಿ. ಇದನ್ನು ಮಗಳು ನನ್ನ ಮುಖಕ್ಕೇ ಹೇಳುತ್ತಾಳೆ, ಉಳಿದವರು ನಾನು ಬೆನ್ನು ತಿರುಗಿಸಿದ ಮೇಲೆ ಹೇಳುತ್ತಾರೆ. ನನಗೇನೂ ಬೇಜಾರಿಲ್ಲ. ತಕ್ಕಡಿಯ ಮುಳ್ಳು ನೋಡದೆ ಸಾಮಾನು ತರುವವರು, ಮೂಸಿ ನೋಡದೆ ಹಾಲು ಕಾಯಿಸುವವರು ಸುಖವಾಗಿರಲಿ. ನಾನು ನೋಡುತ್ತೇನೆ, ಮೂಸುತ್ತೇನೆ, ಬೇಕಾದರೆ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತೇನೆ. ಅಟ್ಟದ ಮೇಲಿನ ಸದ್ದು ನನಗೆ ಸಿಕ್ಕಿದ್ದೂ ಈ ಬುದ್ಧಿಯಿಂದಲೇ.

ನಮ್ಮ ಮನೆ ಇರುವುದು ಬಿಳಿಗೆರೆಯ ಹತ್ತಿರ, ತೋಟದ ಒಳಗೆ. ಈ ಕಡೆಯ ಬಹಳ ಮನೆಗಳ ಹಾಗೆ ನಮ್ಮಲ್ಲೂ ನೀರೊಲೆಯ ಮೇಲೆ ಒಂದು ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ಹರಡಿಬಿಟ್ಟರೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಕೆಳಗಿನ ಹೊಗೆ, ಮೇಲಿನ ಹೆಂಚಿನ ಬಿಸಿ ಸೇರಿ ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡಬೇಕಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ನೀರಿದ್ದರೆ ಕುಳಕುಳ ಎನ್ನುತ್ತದೆ, ಕೊಬ್ಬರಿಯಾಗಿದ್ದರೆ ಗೊಟಗೊಟ ಎನ್ನುತ್ತದೆ. ಈ ಎರಡು ಸದ್ದಿನ ವ್ಯತ್ಯಾಸ ನಮ್ಮ ಕಡೆ ಶಾಲೆಗೆ ಸೇರದ ಮಕ್ಕಳಿಗೂ ಗೊತ್ತು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹಜಾರದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಅಟ್ಟದಿಂದ ಗೊಟಗೊಟ ಎಂದಿತು. ನಿಂತಿತು. ಮತ್ತೆ ಗೊಟಗೊಟ. ಇಲಿ ಓಡಿದರೆ ಹಾಗೆ ಕೇಳಿಸುವುದಿಲ್ಲ, ಇಲಿಗೆ ತಾಳ ಗೊತ್ತಿಲ್ಲ. ಇದು ಯಾರೋ ಕಾಯಿಯನ್ನು ಎತ್ತಿ, ಅಲ್ಲಾಡಿಸಿ ನೋಡಿ, ಕೆಳಗಿಟ್ಟು ಇನ್ನೊಂದನ್ನು ಎತ್ತಿದ ಹಾಗಿತ್ತು. ಬೇರೆ ಸೀಮೆಯ ಕಳ್ಳ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ಓಡುತ್ತಾನೆ. ನಮ್ಮ ಸೀಮೆಯವನಾದರೆ ಕಿವಿಗೆ ಹಿಡಿದು, ಒಣಗಿದ್ದನ್ನೇ ಆರಿಸಿಕೊಂಡು ಹೋಗುತ್ತಾನೆ. ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿತ್ತಲಿಗೆ ಓಡಿದೆ. ಅಷ್ಟರಲ್ಲಿ ಸದ್ದು ನಿಂತಿತ್ತು. ಹಿತ್ತಲಲ್ಲಿ ನಮ್ಮ ಕಾಯಿ ಸುಲಿಯುವ ಆಳು, ನೆಟ್ಟ ಹಾರೆಯ ಮುಂದೆ ನಿಂತು ನೀರು ಕುಡಿಯುತ್ತಿದ್ದ.

"ಯಾಕಕ್ಕ, ಹಂಗೆ ಓಡಿಬಂದ್ರಿ?" ಎಂದ.

"ಏನಿಲ್ಲ ಬುಡು" ಎಂದು ಅವನ ಚೀಲದ ಕಡೆ ಒಂದು ಕಣ್ಣು ಹಾಯಿಸಿ ಬಂದೆ. ಚೀಲ ಚಪ್ಪಟೆಯಾಗಿಯೇ ಇತ್ತು. ಬೇಲಿಯ ಆಚೆ ಎಸೆದಿರಬಹುದು ಎಂದುಕೊಂಡೆ.

ಆ ಹಾರೆಯ ಮುಂದೆ ಮೊದಲು ನಿಲ್ಲುತ್ತಿದ್ದವರು ನಮ್ಮ ಯಜಮಾನರು. ಕಾಯಿ ಸುಲಿಯುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ನಾನೂ ಇಲ್ಲ ಎನ್ನುತ್ತಿರಲಿಲ್ಲ. ಆ ಬೇಸಿಗೆಗೆ ಎರಡು ವರ್ಷ ಮೊದಲು ಅದೇ ಹಾರೆಯ ಮುಂದೆ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ, ಸ್ಟೆಂಟು, ಒಂದು ಡಬ್ಬಿ ಮಾತ್ರೆ. ಮನೆಗೆ ಕಳಿಸುವಾಗ ಡಾಕ್ಟರು, "ಭಾರ ಎತ್ತಿಸಬೇಡಿ, ಮನಸ್ಸಿಗೆ ನೋವಾಗದ ಹಾಗೆ ನೋಡ್ಕೊಳ್ಳಿ" ಎಂದರು. ನಾನು ಹಾಗೇ ನೋಡಿಕೊಂಡೆ. ಕೊಡ ಮುಟ್ಟಿಸಲಿಲ್ಲ, ಏಣಿಯ ಹತ್ತಿರ ಸುಳಿಯಗೊಡಲಿಲ್ಲ, ತೋಟದ ಬದುವಿನ ತನಕ ಹೋಗಬೇಕಾದರೂ ಜೊತೆಗೆ ಹೋದೆ. ಎಲ್ಲಕ್ಕಿಂತ ದೊಡ್ಡ ತ್ಯಾಗವೆಂದರೆ ಬೈಯುವುದನ್ನು ಬಿಟ್ಟೆ. ಮದುವೆಯಾದಾಗಿನಿಂದ ದಿನವೂ ಬೈದುಕೊಂಡು ಬಂದ ಬಾಯಿ ನನ್ನದು. ಅದಕ್ಕೆ ಬೀಗ ಹಾಕುವುದು ಎಷ್ಟು ಕಷ್ಟವೆಂದು ಬೈದು ಗೊತ್ತಿರುವವರಿಗೇ ಗೊತ್ತು. ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ "ಇರಲಿ ಬಿಡಿ, ನಾನು ತೆಗೀತೀನಿ" ಎನ್ನುತ್ತಿದ್ದೆ.

ಹೊತ್ತು ಹೋಗಲಿ ಎಂದು ತುರುವೇಕೆರೆಯಲ್ಲಿರುವ ಮಗಳು ಅವರಿಗೊಂದು ದೊಡ್ಡ ಮೊಬೈಲು ತಂದುಕೊಟ್ಟಳು. ಮೊದಮೊದಲು ಕೊಬ್ಬರಿ ಧಾರಣೆ, ಹಳೆಯ ಕುಸ್ತಿ ನೋಡುತ್ತಿದ್ದರು. ಆಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಳ್ಳುವುದು ಕಲಿತರು. ನಾನು ಹತ್ತಿರ ಬಂದರೆ ಪರದೆಯನ್ನು ಎದೆಗೆ ಮುಚ್ಚಿಕೊಳ್ಳುವುದನ್ನೂ ಕಲಿತರು. ಅದನ್ನು ನಾನು ಗಮನಿಸಿರಲಿಲ್ಲ ಎಂದುಕೊಳ್ಳಬೇಡಿ. ಗಮನಿಸಿ, ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದೆ.

ಸದ್ದು ಮಾತ್ರ ಮತ್ತೆ ಮತ್ತೆ ಬಂತು. ಊಟವಾಗಿ ಊರೆಲ್ಲ ಅಡ್ಡಾಗುವ ಹೊತ್ತು, ಕಾಯಿ ಸುಲಿಯುವವನು ಬಂದ ದಿನವೂ ಬಂತು, ಬಾರದ ದಿನವೂ ಬಂತು. ಬಾರದ ದಿನ ಕದ್ದು ಬರುತ್ತಾನೋ ಏನೋ ಎಂದು ಅದಕ್ಕೂ ಒಂದು ಸಮಾಧಾನ ಹುಡುಕಿಕೊಂಡೆ. ಕೊನೆಗೆ ನೀರೊಲೆಯ ಬೂದಿಯನ್ನು ಜರಡಿ ಹಿಡಿದು, ಅಟ್ಟದ ಏಣಿಯ ಮೆಟ್ಟಿಲುಗಳ ಮೇಲೆ ತೆಳ್ಳಗೆ ಉದುರಿಸಿ, ಏನೂ ಅರಿಯದವಳ ಹಾಗೆ ಕೊಟ್ಟಿಗೆಗೆ ಹೋದೆ. ಸದ್ದಾಗಿ ನಿಂತ ಮೇಲೆ ಬಂದು ನೋಡಿದರೆ ಬೂದಿಯ ಮೇಲೆ ಅಚ್ಚು ಒತ್ತಿದ ಹಾಗೆ ಹೆಜ್ಜೆ. ಎಡಗಾಲಿನ ಕಿರುಬೆರಳು ಪಕ್ಕಕ್ಕೆ ತಿರುಗಿಕೊಂಡಿತ್ತು. ಮದುವೆಯಾದ ಹೊಸದರಲ್ಲಿ ಮರದಿಂದ ಕಾಯಿ ಬಿದ್ದು ಮುರಿದ ಬೆರಳು ಅದು. ಅರಿಶಿನ ಕಲಸಿ ಪಟ್ಟಿ ಕಟ್ಟಿದವಳು ನಾನೇ.

 ಕಳ್ಳ ಸಿಕ್ಕಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಸ್ಟೆಂಟು ಹಾಕಿಸಿಕೊಂಡ ಗಂಡಸು, ಏಣಿ ಹತ್ತಿ, ಬಿಸಿಲಿಗೆ ಕಾದ ಹೆಂಚಿನ ಕೆಳಗೆ ಏನು ಮಾಡುತ್ತಾರೆ? ಬೀಡಿ ಮತ್ತೆ ಹಿಡಿದಿದ್ದಾರೆ ಎಂದುಕೊಂಡೆ. ಅವರ ಅಂಗಿ ಮೂಸಿದೆ. ಬೀಡಿಯ ವಾಸನೆ ಇರಲಿಲ್ಲ, ಬೆವರಿನ ವಾಸನೆ ಇತ್ತು. ಹಾಸಿಗೆಯಲ್ಲಿ ಮಲಗಿದ್ದವರಿಗೆ ಅಷ್ಟು ಬೆವರು ಎಲ್ಲಿಂದ ಬರಬೇಕು?

ಮಾರನೆಯ ದಿನ ಗೊಟಗೊಟ ಶುರುವಾದದ್ದೇ ಏಣಿಯ ಬುಡಕ್ಕೆ ಬಂದು ನಿಂತೆ. ಮೇಲಿನಿಂದ ಹೆಣ್ಣಿನ ಧ್ವನಿ ಕೇಳಿಸಿತು. ಹದಿಹರೆಯ ಕಳೆದಿರದಂಥ ಎಳೆಯ ಧ್ವನಿ. "ಇನ್ನೂ ಕೆಳಗೆ! ಸೋಮಾರಿ! ಉಸಿರೇ ಕೇಳಿಸ್ತಿಲ್ಲ ನಂಗೆ!" ನಾನು ಏಣಿಯನ್ನು ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಹತ್ತುವಷ್ಟು ಹೊತ್ತಿನಲ್ಲಿ ಒಬ್ಬ ಹೆಂಗಸು ಯೋಚಿಸಬಹುದಾದ ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ.

ತಲೆ ತೂರಿಸಿ ನೋಡಿದರೆ, ಅಟ್ಟದ ಕಿಟಕಿಯ ಹತ್ತಿರ, ಮೊಬೈಲಿಗೆ ಸಿಗ್ನಲ್ ಚೆನ್ನಾಗಿ ಸಿಗುವ ಜಾಗದಲ್ಲಿ, ನಮ್ಮ ಯಜಮಾನರು ಬನಿಯನ್ನಿನಲ್ಲಿ ನಿಂತಿದ್ದಾರೆ. ತಂತಿ ಕಿತ್ತ ಮೊಬೈಲು ಕಾಯಿಯ ರಾಶಿಗೆ ಒರಗಿದೆ. ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯುತ್ತಿದ್ದಾರೆ. ಅವರು ಕೂತು ಎದ್ದಾಗಲೆಲ್ಲ ಹಲಗೆ ತೂಗಿ, ಒಣಗಿದ ಕಾಯಿಗಳೆಲ್ಲ ಒಟ್ಟಿಗೆ ಗೊಟಗೊಟ ಎನ್ನುತ್ತಿವೆ. ನನ್ನ ಅನುಮಾನಗಳಲ್ಲಿ ಒಂದು ಅಲ್ಲೇ ಸತ್ತುಹೋಯಿತು. ಯಾವ ಸರಸದಲ್ಲೂ ಗಂಡಸು ಕಿವಿ ಹಿಡಿದು ಬಸ್ಕಿ ಹೊಡೆಯುವುದಿಲ್ಲ.

ಕೆಳಗಿಳಿಸಿ, ಫ್ಯಾನಿನ ಕೆಳಗೆ ಕೂರಿಸಿ, ನಾಡಿ ಹಿಡಿದು ನೋಡಿ, ನೀರು ಕೊಟ್ಟು, ಆಮೇಲೆ ಕೇಳಿದೆ. ಮೆತ್ತಗೇ ಕೇಳಿದೆ.

ಅದೊಂದು ಆಟವಂತೆ. ಮೊಬೈಲಿನಲ್ಲಿ ಒಂದಷ್ಟು ಜನ ಸೇರಿ ಸುಳ್ಳು ಮಿಲಿಟರಿ ಕಟ್ಟಿಕೊಂಡಿದ್ದಾರಂತೆ. ಒಬ್ಬರು ಹಾಸನದವರು, ಒಬ್ಬರು ಹುಬ್ಬಳ್ಳಿಯವರು, ಇನ್ನೊಬ್ಬರು ಎಲ್ಲಿಯವರೋ. ಯಾರೂ ಯಾರ ಮುಖವನ್ನೂ ನೋಡಿಲ್ಲ. ಆದರೂ ಮೇಜರ್ ಇದ್ದಾರೆ, ಹವಾಲ್ದಾರ್ ಇದ್ದಾರೆ, ಪೆರೇಡು ಇದೆ, ಪಹರೆ ಇದೆ. ತಪ್ಪು ಮಾಡಿದವರಿಗೆ ಪಿಟಿ, ಅಂದರೆ ವ್ಯಾಯಾಮದ ಶಿಕ್ಷೆ, ಕೊಡುತ್ತಾರೆ. ಪೆರೇಡಿಗೆ ತಡವಾದರೆ ದಂಡ ಹೊಡೆಯಬೇಕು, ಅಪ್ಪಣೆಯಿಲ್ಲದೆ ಮಾತಾಡಿದರೆ ಬಸ್ಕಿ. ಆಟದಲ್ಲಿರುವ ಬೊಂಬೆಯಲ್ಲ ಹೊಡೆಯುವುದು, ಮನೆಯಲ್ಲಿ ಕೂತ ಮನುಷ್ಯ ನಿಜವಾಗಿ ಎದ್ದು ಹೊಡೆಯಬೇಕು. ಆ ಹುಡುಗಿಯ ಧ್ವನಿ ಮೇಜರ್ ಸಾಹೇಬರದಂತೆ.

"ಅವ್ರಿಗೆ ಕಾಣ್ಸುತ್ತಾ ನೀವು ಹೊಡೆಯೋದು?" ಎಂದೆ.

"ಇಲ್ಲ ಕಣೇ. ಕ್ಯಾಮೆರಾ ಹಾಕಂಗಿಲ್ಲ. ಧ್ವನಿ ಒಂದೇ."

"ಹಂಗಾದ್ರೆ ಸುಮ್ನೆ ಕೂತ್ಕಂಡು ಏದುಸಿರು ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

ಅವರು ನನ್ನ ಮುಖವನ್ನು ಆಶ್ಚರ್ಯದಿಂದ ನೋಡಿದರು. "ನಂಬಿ ಕೊಡ್ತಾರೆ. ಮೋಸ ಮಾಡಕ್ಕಾಯ್ತದಾ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಬೆಳಗಿನ ಮಾತ್ರೆಯನ್ನು ನನ್ನೆದುರಿಗೇ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ತುಳಸಿ ಕಟ್ಟೆಯ ಹಿಂದೆ ಎಸೆದದ್ದನ್ನು ನಾನು ಹಿಡಿದಿದ್ದೇನೆ. ಸಕ್ಕರೆ ಹಾಕಿದ ಕಾಫಿ ಕುಡಿದು, ಬಾಯಿ ಮುಕ್ಕಳಿಸಿ, ಇಲ್ಲ ಎಂದು ಆಣೆ ಮಾಡಿದವರು. ಕಣ್ಣೆದುರು ಇರುವ ಹೆಂಡತಿಗೆ ಸುಳ್ಳು, ಮುಖ ಕಾಣದ ಮಗುವಿಗೆ ಸತ್ಯ! ಅದನ್ನೇ ಹೇಳಬೇಕೆಂದು ಬಾಯಿ ತೆರೆದವಳು ಡಾಕ್ಟರ ಮಾತು ನೆನಪಾಗಿ ಮುಚ್ಚಿದೆ.

"ನಿಮ್ಮ ಎದೆ ವಿಚಾರ ಹೇಳಿದೀರಾ ಅವ್ರಿಗೆ?"

ಇಲ್ಲ. ವಯಸ್ಸನ್ನೂ ಹೇಳಿಲ್ಲ. ಮೂವತ್ತು ಎಂದು ಹೇಳಿದ್ದಾರಂತೆ. ಧ್ವನಿ ಕೇಳಿದವರಿಗೆ ಗಂಟಲು ಕಟ್ಟಿದೆ ಎಂದಿದ್ದಾರಂತೆ. ಎಷ್ಟು ತಿಂಗಳಿನಿಂದ ಕಟ್ಟಿರುವ ಗಂಟಲೋ!

"ಯಾಕ್ರೀ ಬೇಕು ಇದು? ಯಾರೋ ಚಿಕ್ಕ ಹುಡುಗಿ ಕೈಲಿ ಸೋಮಾರಿ ಅನ್ನಿಸ್ಕೊಂಡು..."

ಅವರು ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದರು. "ಬೈಸ್ಕಳಾಕೆ ಚೆನ್ನಾಗಿರ್ತದೆ ಕಣೇ. ನೀವೆಲ್ಲ ನನ್ನ ಬೈಯೋದೇ ಬುಟ್ಬುಟ್ರಿ" ಎಂದರು.

ನನಗೆ ಆ ಮಾತು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳಲು ಮನಸ್ಸಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ. ಆ ಅಟ್ಟದ ಮೇಲೆ ಇವರು ಕುಸಿದರೆ ಇಳಿಸುವವರು ಯಾರು? ಇನ್ನು ಹತ್ತುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಮಾತು ಕೊಟ್ಟರು. ನಂಬಲಿಲ್ಲ. ಏಣಿಯನ್ನು ಎತ್ತಿ ಕೊಟ್ಟಿಗೆಯಲ್ಲಿ ಅಡ್ಡ ಮಲಗಿಸಿದೆ, ಮಧ್ಯಾಹ್ನದ ನಿದ್ದೆ ಬಿಟ್ಟೆ. ಅವರು ಬಚ್ಚಲಿಗೆ ಹೋದರೂ ಹೊರಗೆ ನಿಂತು ನೀರಿನ ಸದ್ದು ಬರುತ್ತಿದೆಯೇ ಎಂದು ಕೇಳುತ್ತಿದ್ದೆ. ಮನೆಯಲ್ಲಿ ಗಂಡನಿದ್ದಾನೋ ಕೈದಿಯಿದ್ದಾನೋ ಎಂದು ಮಗಳು ಫೋನಿನಲ್ಲಿ ನಕ್ಕಳು. ನಗಲಿ. ಎದೆ ಹಿಡಿದುಕೊಂಡು ಕೂತ ದಿನ ಅವಳು ತುರುವೇಕೆರೆಯಲ್ಲಿದ್ದಳು, ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವಳು ನಾನು.

ಕೆಲವು ದಿನ ಅಟ್ಟ ಸುಮ್ಮನಿತ್ತು. ಒಂದು ದಿನ ನೊಣವಿನಕೆರೆಯ ನೆಂಟರ ಮನೆಗೆ ನಾಮಕರಣಕ್ಕೆ ಹೋಗಲೇಬೇಕಾಯಿತು. ಸಂಜೆ ಬರುತ್ತೇನೆ ಎಂದು ಬೇಕೆಂದೇ ಎರಡು ಸಲ ಹೇಳಿ ಹೊರಟೆ. ಊಟದ ಎಲೆ ಮಡಚಿದವಳೇ ಸಿಕ್ಕ ಬಸ್ಸು ಹತ್ತಿ, ಮಧ್ಯಾಹ್ನಕ್ಕೇ ವಾಪಸು ಬಂದೆ. ಅಂಗಳಕ್ಕೆ ಕಾಲಿಡುವ ಮೊದಲೇ ಕೇಳಿಸಿತು, ಗೊಟಗೊಟ. ಅಷ್ಟು ಭಾರದ ಏಣಿಯನ್ನು ಕೊಟ್ಟಿಗೆಯಿಂದ ಒಬ್ಬರೇ ಎಳೆದುತಂದು ಹಾಕಿಕೊಂಡಿದ್ದರು.

ಈ ಸಲ ನಾನು ಅವರನ್ನು ಮುಟ್ಟಲಿಲ್ಲ. ನೇರವಾಗಿ ಏಣಿ ಹತ್ತಿ ಹೋಗಿ ಮೊಬೈಲನ್ನು ಎತ್ತಿಕೊಂಡೆ. ಅವರು ಅರ್ಧ ಕೂತ ಭಂಗಿಯಲ್ಲೇ ಕಿವಿ ಬಿಟ್ಟು ಎರಡೂ ಕೈ ಮುಗಿದರು. ಬೇಡ ಎಂದು ತಲೆ ಅಲ್ಲಾಡಿಸಿದರು. ಅವರ ಮುಖ ಕೆಂಪಗಿತ್ತು, ಕತ್ತಿನ ನರ ಹಾರುತ್ತಿತ್ತು. ಆ ನರವನ್ನು ನೋಡಿಕೊಂಡೇ ಮಾತಾಡಿದೆ.

"ಯಾರಮ್ಮ ನೀನು? ನಾನು ಇವ್ರ ಹೆಂಡ್ತಿ. ಇವ್ರಿಗೆ ಅರವತ್ತಾಗ್ತಾ ಬಂತು. ಹೃದಯಕ್ಕೆ ಸ್ಟೆಂಟ್ ಹಾಕ್ಸಿದೆ. ನಿಮ್ಮ ಆಟದಲ್ಲಿ ಇವ್ರು ಸತ್ತೋದ್ರೆ ಮಣ್ಣಿಗೆ ನೀನು ಬತ್ತೀಯಾ?"

 ಸೋಮಾರಿ ಎಂದು ಗುಡುಗಿದ್ದ ಅದೇ ಧ್ವನಿ ಸಣ್ಣಗಾಗಿ, "ಅಯ್ಯೋ... ಆಂಟಿ, ನಮಗೆ ಗೊತ್ತೇ ಇರ್ಲಿಲ್ಲ. ಹುಷಾರಿಲ್ದೇ ಇರೋರಿಗೆ ನಾವು ಪಿಟಿ ಕೊಡೋದೇ ಇಲ್ಲ. ದೇವರಾಣೆ" ಎಂದು ಅಳಲಿಕ್ಕೇ ಶುರುಮಾಡಿತು. ನಾನು ಮೋಸಗಾರರನ್ನು, ವಂಚಕರನ್ನು ಎದುರಿಸಲು ಸಿದ್ಧಳಾಗಿ ಬಂದಿದ್ದೆ. ಸಿಕ್ಕಿದ್ದು ಅಳುವ ಮಕ್ಕಳು. ಇನ್ನೊಂದು ಧ್ವನಿ, ಹುಡುಗನದು, "ಅಂಕಲ್, ಕೂತ್ಕೊಳ್ಳಿ ಅಂಕಲ್. ನೀರು ಕುಡೀರಿ. ಮಾತ್ರೆ ತಗೊಂಡ್ರಾ?" ಎಂದಿತು.

ನಮ್ಮ ಯಜಮಾನರು ಕಾಯಿಯ ರಾಶಿಯ ಪಕ್ಕದಲ್ಲಿ ಕೂತರು. ಆ ಮಕ್ಕಳು ಒಬ್ಬರಾದ ಮೇಲೊಬ್ಬರು ಅಂಕಲ್, ಅಂಕಲ್ ಎಂದು ವಿಚಾರಿಸಿಕೊಳ್ಳುತ್ತಲೇ ಇದ್ದರು. ಇನ್ನು ಮೇಲೆ ಆಟದಲ್ಲಿ ಅವರಿಗೆ ಬಾಗಿಲಲ್ಲಿ ಕೂತು ಬಂದವರ ಹೆಸರು ಕೇಳುವ ಹಗುರ ಕೆಲಸ ಕೊಡುತ್ತಾರಂತೆ, ಪಿಟಿ ಇಲ್ಲವಂತೆ, ಯಾರೂ ಗದರುವುದಿಲ್ಲವಂತೆ. ಯಜಮಾನರು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಆರಿಸಿದರು.

"ಕೂತಿರೋ ಕೆಲ್ಸ ಇಲ್ಲೂ ಐತೆ" ಎಂದರು, ಅಷ್ಟೇ. ಏಣಿ ಇಳಿಯುವಾಗ ನಾನು ತೋಳು ಹಿಡಿದೆ. ಬಿಡಿಸಿಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ಅವರಷ್ಟು ಒಳ್ಳೆಯ ಗಂಡ ಇಡೀ ತಿಪಟೂರು ತಾಲ್ಲೂಕಿನಲ್ಲಿ ಇರಲಿಲ್ಲ. ಮಾತ್ರೆ ಕೊಟ್ಟರೆ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದರು. ಸಪ್ಪೆ ಸಾರನ್ನು ಸೊಲ್ಲೆತ್ತದೆ ಉಣ್ಣುತ್ತಿದ್ದರು. ಮೊಬೈಲು ಗೂಡಿನಲ್ಲಿ ಧೂಳು ತಿನ್ನುತ್ತಿತ್ತು. ಜಗಲಿಯ ಕಂಬಕ್ಕೆ ಒರಗಿ ಕೂತರೆ ಕಾಫಿಗೆ ಕರೆಯುವ ತನಕ ಹಾಗೇ ಕೂತಿರುತ್ತಿದ್ದರು. ಟವೆಲನ್ನು ಮಡಚಿ ಇಡತೊಡಗಿದರು. ಅದನ್ನು ನೋಡಿದ ದಿನ ನನಗೆ ನಿಜಕ್ಕೂ ಭಯವಾಯಿತು. ಇಷ್ಟು ಹೇಳಿದಂತೆ ಕೇಳುವ ಮನುಷ್ಯನನ್ನು ನಾನು ಮದುವೆಯಾಗಿರಲಿಲ್ಲ. ಕತ್ತಿನ ನರ ಹಾರುವುದು ನಿಂತಿತ್ತು, ಸರಿ. ಅದರ ಜೊತೆಗೆ ಇನ್ನೇನು ನಿಂತುಹೋಯಿತು?

ರಿಪೋರ್ಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ತಿಪಟೂರಿನ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಅವರು ನೋಡಿ, "ಚೆನ್ನಾಗಿದಾರಲ್ಲಮ್ಮ. ನಡೀಲಿ, ಮೆಟ್ಟಿಲು ಹತ್ಲಿ, ಸಣ್ಣಪುಟ್ಟ ಕೆಲಸ ಮಾಡ್ಲಿ. ಒಂದೇ ಸಮನೆ ಬಸ್ಕಿ ಹೊಡೆಯೋದು ಬೇಡ, ಅಷ್ಟೇ" ಎಂದರು. ಒಂದೆರಡು ಕಾಯಿ ಎತ್ತಬಹುದೇ ಎಂದೆ. ಎತ್ತಬಹುದು ಎಂದರು. ಏಣಿ ಎಂದೆ. ನಿಧಾನಕ್ಕೆ ಹತ್ತಲಿ ಎಂದರು. ನನ್ನನ್ನು ಬೇಗ ಸಾಗಹಾಕಲು ಹೇಳುತ್ತಿದ್ದಾರೋ ಎಂದು ಮತ್ತೆ ಕೇಳಿದೆ. ಡಾಕ್ಟರು ಕನ್ನಡಕ ತೆಗೆದು, "ನಿಮಗೆ ನನ್ನ ಮೇಲೆ ಅನುಮಾನ ಇದ್ರೆ ಇನ್ನೊಬ್ರಿಗೆ ತೋರಿಸಿ. ಸುಮ್ನೆ ಕೂರಿಸೋದೇ ಅವರಿಗೆ ಒಳ್ಳೇದಲ್ಲ" ಎಂದರು.

ಮಾರನೆಯ ಬೆಳಿಗ್ಗೆ ಏಣಿಯನ್ನು ನಾನೇ ತಂದು ಅಟ್ಟಕ್ಕೆ ಒರಗಿಸಿದೆ. ಯಜಮಾನರು ಜಗಲಿಯಲ್ಲಿದ್ದರು.

"ಕೇಳಿದ್ರಾ, ಅಟ್ಟದಿಂದ ಒಂದೆರಡು ಕಾಯಿ ಇಳಿಸ್ಕೊಡಿ. ಚಟ್ನಿಪುಡಿಗೆ ಕೊಬ್ರಿ ಬೇಕು."

ಅವರು ಸುತ್ತ ನೋಡಿದರು, ನಾನು ಬೇರೆ ಯಾರಿಗೋ ಹೇಳುತ್ತಿದ್ದೇನೆಂಬಂತೆ. "ನಾನಾ?"

"ಹೂಂ. ನೀವೇ ಹತ್ತಿ."

ಎದ್ದೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತರು. ನಾನು ಹಾಲನ್ನು ಮೂಸುವಾಗ ನನ್ನ ಮುಖ ಹೇಗಿರುತ್ತದೋ ಅವರ ಮುಖ ಹಾಗಿತ್ತು.

"ನೆನ್ನೆ ಡಾಕ್ಟ್ರ ಹತ್ರ ಹೋಗಿದ್ದೆ ಅಲ್ವಾ ನೀನು?" ಎಂದರು.

"ಹೌದು. ಹತ್ತಬಹುದು ಅಂದ್ರು."

"ಅಷ್ಟೇ ಅಲ್ಲ. ಇನ್ನೇನೋ ಹೇಳವ್ರೆ. ಅದ್ಕೇ ನೀನು, ಇರೋಷ್ಟು ದಿನ ಆಸೆ ಪಟ್ಟಿದ್ದು ಮಾಡ್ಕಳ್ಳಿ ಅಂತ ಬುಟ್ಟಿದೀಯಾ. ನಿಜ ಹೇಳು. ಇನ್ನೆಷ್ಟು ದಿನ ಅಂದ್ರು?"

 ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡು, ಹಾಗೆಲ್ಲ ಏನೂ ಇಲ್ಲವೆಂದು, ಡಾಕ್ಟರು ಖುಷಿಪಟ್ಟರೆಂದು, ರಿಪೋರ್ಟು ಚೆನ್ನಾಗಿದೆಯೆಂದು ಸಮಾಧಾನವಾಗಿ ಬಿಡಿಸಿ ಹೇಳಿದೆ. ನಾನು ಮೆತ್ತಗೆ ಮಾತಾಡಿದಷ್ಟೂ ಅವರ ಮುಖ ಬಿಳಿಚಿಕೊಳ್ಳುತ್ತ ಹೋಯಿತು.  "ಮಗಳಿಗೆ ಹೇಳಿದೀಯಾ?" ಎಂದರು.

ಆಗ ನನ್ನ ಬಾಯಿಯ ಬೀಗ ಕಿತ್ತುಬಂತು.

"ಥೂ, ನಿಮ್ಮ ಬುದ್ಧಿಗಿಷ್ಟು! ಒಂದು ಕಾಯಿ ತನ್ನಿ ಅಂದ್ರೆ ಸಾವಿನ ಮಾತಾಡ್ತೀರಲ್ಲ! ಕದ್ದು ಬಸ್ಕಿ ಹೊಡೆಯಕ್ಕೆ ಕಾಲಲ್ಲಿ ಶಕ್ತಿ ಇತ್ತು, ಏಣಿ ಎಳ್ಕಂಡು ಬರಕ್ಕೆ ರಟ್ಟೆಲಿ ಶಕ್ತಿ ಇತ್ತು, ಹೆಂಡ್ತಿ ಒಂದು ಕೆಲ್ಸ ಹೇಳಿದ್ರೆ ಮೈಗಳ್ಳತನ! ಮೂವತ್ತು ವರ್ಷವಂತೆ, ಗಂಟ್ಲು ಕಟ್ಟಿದೆಯಂತೆ! ಸುಳ್ಳುಬುರುಕ ಮನುಷ್ಯ! ತುಳಸಿ ಕಟ್ಟೆ ಹಿಂದೆ ಎಸೆದ ಮಾತ್ರೆ ನಾನು ನೋಡಿಲ್ಲ ಅಂದ್ಕಂಡಿದೀರಾ? ಕೊಬ್ರಿ ತರೋದಾದ್ರೆ ತನ್ನಿ, ಇಲ್ಲ ಅಂದ್ರೆ ಇವತ್ತು ಚಟ್ನಿಪುಡಿನೂ ಇಲ್ಲ, ಊಟನೂ ಇಲ್ಲ!"

ಎರಡು ವರ್ಷದಿಂದ ಒಳಗೆ ಕೂಡಿದ್ದದ್ದೆಲ್ಲ ಬಂತು. ಅವರು ತಲೆ ಎತ್ತಿ ಕೇಳುತ್ತ ಕೂತಿದ್ದರು. ಮುಖಕ್ಕೆ ನಿಧಾನವಾಗಿ ಬಣ್ಣ ಬಂತು, ಬಿಗಿದಿದ್ದ ಭುಜ ಇಳಿಯಿತು.

"ಹಂಗಾದ್ರೆ ಏನೂ ಹೇಳಿಲ್ಲ ಡಾಕ್ಟ್ರು" ಎಂದರು. ಪಂಚೆಯನ್ನು ಎತ್ತಿ ಕಟ್ಟಿಕೊಂಡು ಎದ್ದರು.

ನಾನು ಏಣಿಯ ಎರಡೂ ಕಾಲು ಹಿಡಿದು ಕೆಳಗೆ ನಿಂತೆ. ಮೇಲೆ ಅವರು ಕಾಯಿ ಎತ್ತಿ ಅಲ್ಲಾಡಿಸುವುದು, ಇಡುವುದು, ಇನ್ನೊಂದನ್ನು ಎತ್ತುವುದು ಕೇಳಿಸುತ್ತಿತ್ತು. "ಇದರಲ್ಲಿನ್ನೂ ನೀರೈತೆ ಕಣೇ" ಎಂದರು. ನನಗೆ ಕಣ್ಣು ತುಂಬಿ ಬಂದಿತ್ತು. ಧ್ವನಿ ಮೆತ್ತಗಾದರೆ ಮತ್ತೆ ಅನುಮಾನ ಪಡುತ್ತಾರೆಂದು, ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೂ ಜೋರಾಗಿ ಬೈದೆ.